ಎಮ್ಮೆ ಇಲ್ಲದ ಸರ್ಟಿಫಿಕೇಟು

ನನ್ನ ಸರ್ಟಿಫಿಕೇಟಿನ ಮೇಲೆ ಕರಡಿಯ ಮುದ್ರೆ ಇತ್ತು. ಊಟಿಯ ಕಚೇರಿಯ ಗುಮಾಸ್ತರು ಅದನ್ನು ಮೊದಲು ಬೆಳಕಿಗೆ ಹಿಡಿದರು, ಆಮೇಲೆ ತಲೆಕೆಳಗು ಮಾಡಿದರು, ಕೊನೆಗೆ ಕನ್ನಡಕ ತೆಗೆದು ಮೂಗಿನ ಹತ್ತಿರ ತಂದುಕೊಂಡು, "ಇದು ಯಾವ ಸರ್ಕಸ್ ಕಂಪನಿ?" ಎಂದು ತಮಿಳಿನಲ್ಲಿ ಕೇಳಿದರು.

ಸರ್ಕಸ್ ಅಲ್ಲ, ಸ್ವಿಟ್ಜರ್ಲೆಂಡ್ ದೇಶದ ದನದ ವೈದ್ಯರ ಕಾಲೇಜು, ಆ ಊರಿನ ಗುರುತು ಕರಡಿ, ನಾನು ಅಲ್ಲಿ ಓದಿ ಪಾಸಾಗಿ ಬಂದವನು ಎಂದೆ. ಅವರು ನನ್ನ ತಲೆಯ ಮುಂಡಾಸನ್ನೂ ಕಾಲಿನ ಬೂಟನ್ನೂ ಒಂದೊಂದು ಸಲ ನೋಡಿದರು. ಈ ಬೆಟ್ಟದ ನಮ್ಮ ಬಡಗರ ಮುಂಡಾಸು, ಬಿಳಿಯರ ಬೂಟು. ಯಾವುದನ್ನು ನಂಬಬೇಕೋ ಅವರಿಗೆ ತಿಳಿಯಲಿಲ್ಲ. ನನಗೆ ಆಗ ಕೋಪ ಬಂದದ್ದು ನಿಜ. ಈಗ ನೆನೆಸಿಕೊಂಡರೆ ಅವರದ್ದೇನೂ ತಪ್ಪಿಲ್ಲ ಅನಿಸುತ್ತದೆ. ನಾನೇ ಆ ಕುರ್ಚಿಯಲ್ಲಿದ್ದರೂ ಕರಡಿ ಎಲ್ಲಿಂದ ಬಂತು ಎಂದೇ ಕೇಳುತ್ತಿದ್ದೆ.

ನಾನು ಆ ದೇಶಕ್ಕೆ ಹೋದ ಕಥೆ ಚಿಕ್ಕದು. ನಮ್ಮ ಹಟ್ಟಿಯ ಕೆಳಗಿನ ಮಿಷನ್ ಶಾಲೆಯಲ್ಲಿ ಒಬ್ಬ ಪಾದ್ರಿ ನಮಗೆ ಪುಸ್ತಕದ ಕನ್ನಡ ಕಲಿಸುತ್ತಿದ್ದರು. ಮನೆಯಲ್ಲಿ ನಾವಾಡುತ್ತಿದ್ದುದು ಬಡಗ, ಸಂತೆಯಲ್ಲಿ ತಮಿಳು. ಹೀಗೆ ಈ ಬರಹದ ಭಾಷೆಯನ್ನು ನನಗೆ ಕೊಟ್ಟವರು ಸ್ವಿಸ್ ದೇಶದ ಒಬ್ಬ ಕೆಂಪು ಗಡ್ಡದವರು. ಅವರ ತಮ್ಮ ಅಲ್ಲಿ ದನದ ವೈದ್ಯ. ನನಗೆ ಪುಸ್ತಕಕ್ಕಿಂತ ಎಮ್ಮೆಯ ಮೇಲೆ ಹೆಚ್ಚು ಧ್ಯಾನ ಎಂದು ಕಂಡುಕೊಂಡ ಪಾದ್ರಿ, ತಮ್ಮನ ಹತ್ತಿರ ಕಳುಹಿಸಿಕೊಟ್ಟರು. ಹೋದ ಮೇಲೆ ದೊಡ್ಡ ಯುದ್ಧ ಹತ್ತಿತು, ಹಡಗು ನಿಂತಿತು, ನಾನು ಅಲ್ಲೇ ಉಳಿದು ಓದಿದೆ. ತಿರುಗಿ ಬಂದಾಗ ಪಾದ್ರಿ ಇರಲಿಲ್ಲ. ಜರ್ಮನ್ ಮಾತಾಡುವ ಮಿಷನ್ನಿನವರೆಂದು ಸರ್ಕಾರ ಅವರನ್ನು ಯುದ್ಧದ ಕಾಲದಲ್ಲೇ ಅವರ ದೇಶಕ್ಕೆ ಕಳುಹಿಸಿಬಿಟ್ಟಿತ್ತು. ನನ್ನ ಕಾಗದ ಜರ್ಮನ್ ಭಾಷೆಯಲ್ಲಿತ್ತು. ನನಗೆ ತಿಳಿದಂತೆ ಬೆಟ್ಟದ ಮೇಲೆ ಅದನ್ನು ಓದಬಲ್ಲವನು ನಾನೊಬ್ಬನೇ. ಸ್ವಂತ ಕಾಗದವನ್ನು ಸ್ವಂತ ಬಾಯಿಂದ ಓದಿ ಹೇಳಿದರೆ ಆಗದು ಎಂದರು ಗುಮಾಸ್ತರು. ಅದೂ ನ್ಯಾಯವೇ.

ಕೊನೆಗೆ ಊಟಿಯ ಒಂದು ಕಾನ್ವೆಂಟಿನ ವಯಸ್ಸಾದ ಸನ್ಯಾಸಿನಿಗೆ ಆ ಭಾಷೆ ಬರುತ್ತದೆಂದು ಗೊತ್ತಾಯಿತು. ಅವರ ಬೆಕ್ಕಿನ ಕಿವಿಯ ಹುಣ್ಣಿಗೆ ಮದ್ದು ಹಚ್ಚಿಕೊಟ್ಟೆ, ಅವರು ನನ್ನ ಕಾಗದವನ್ನು ಇಂಗ್ಲಿಷಿಗೆ ತಿರುಗಿಸಿಕೊಟ್ಟರು. ಬೆಕ್ಕು ನನ್ನ ಮಣಿಕಟ್ಟನ್ನು ಚೆನ್ನಾಗಿ ಪರಚಿತು. ಹುಟ್ಟಿದೂರಿನಲ್ಲಿ ನನ್ನ ಮೊದಲ ರೋಗಿ ಆ ಬೆಕ್ಕು.

ಸೀಸನ್ ಬಂತು. ಬೇಸಗೆಯಲ್ಲಿ ಮದ್ರಾಸಿನ ಸರ್ಕಾರವೆಲ್ಲ ರೈಲು ಹತ್ತಿ ಊಟಿಗೆ ಬರುತ್ತಿದ್ದ ಕಾಲ ಅದು. ಪಶುವೈದ್ಯ ಇಲಾಖೆಯ ದೊಡ್ಡ ದೊರೆಯೂ ಬಂದರು. ದಪ್ಪ ಕೈ, ಕೆಂಪು ಕತ್ತು, ಮಾತು ಕಡಿಮೆ. ಇಂಗ್ಲಿಷಿನಲ್ಲಿದ್ದ ನನ್ನ ಕಾಗದವನ್ನು ಮೇಲಿಂದ ಕೆಳಗೆ ಓದಿ, ಬೆರಳಿಟ್ಟು ಮತ್ತೊಮ್ಮೆ ಓದಿದರು.

"ಇದರಲ್ಲಿ ಕುದುರೆ ಇದೆ, ಹಸು ಇದೆ, ಕುರಿ, ಹಂದಿ, ನಾಯಿ ಎಲ್ಲ ಇವೆ. ಎಮ್ಮೆ ಎಲ್ಲಿ?"

"ಆ ದೇಶದಲ್ಲಿ ಎಮ್ಮೆ ಇಲ್ಲ, ಸರ್."

"ಈ ಜಿಲ್ಲೆಯಲ್ಲಿ ಇದೆಯಲ್ಲ."

ನನಗೆ ನಗು ಬಂತು, ಸಿಟ್ಟೂ ಬಂತು. ಎಮ್ಮೆಯ ಬೆನ್ನಿನ ಮೇಲೆ ಬೆಳೆದವನನ್ನು ಕರೆದು ಎಮ್ಮೆ ಗೊತ್ತೇ ಎಂದು ಕೇಳುವುದೇ? ಆದರೆ ಅವರು ಹೇಳಿದ್ದು ಸ್ಪಷ್ಟವಾಗಿತ್ತು. ಈ ಬೆಟ್ಟದ ಯಾವುದಾದರೂ ಹಟ್ಟಿಯಲ್ಲಿ, ಯಜಮಾನನ ಒಪ್ಪಿಗೆಯಿಂದ, ಅವರ ಕಣ್ಣೆದುರಿಗೆ ಒಂದು ಎಮ್ಮೆಯನ್ನು ಮುಟ್ಟಿ ಪರೀಕ್ಷಿಸಿ ತೋರಿಸಬೇಕು. ತೋರಿಸಿದರೆ ಮದ್ರಾಸಿಗೆ ಬರೆಯುತ್ತಾರೆ, ನಾನು ಇಲ್ಲೇ ಡಾಕ್ಟರಾಗುತ್ತೇನೆ. ಇಲ್ಲದಿದ್ದರೆ ಇಲ್ಲ. ಪಾದ್ರಿಯ ತಮ್ಮ ಅಲ್ಲಿ ನನಗಾಗಿ ಕೆಲಸ ಕಾದಿಟ್ಟಿದ್ದರು. ಮತ್ತೆ ಹಡಗು ಹತ್ತಬೇಕು, ಹಿಮದಲ್ಲಿ ಬದುಕಬೇಕು, ಬಹುಶಃ ಅಲ್ಲೇ ಸಾಯಬೇಕು. ನನಗೆ ಅದು ಬೇಡವಾಗಿತ್ತು. ಮನೆಗೆ ಬಂದಿದ್ದೆ, ಮನೆಯಲ್ಲಿರಬೇಕು ಎಂಬುದೊಂದೇ ಆಸೆ.

ಎಮ್ಮೆಗಳಿಗೇನೂ ಬರವಿರಲಿಲ್ಲ. ನಮ್ಮ ಅಜ್ಜನ ದೊಡ್ಡಿಯಲ್ಲೇ ಬೇಕಾದಷ್ಟಿದ್ದವು. ತೊಂದರೆ ಇದ್ದದ್ದು ಅಜ್ಜನಲ್ಲಿ.

ಅಜ್ಜನನ್ನು ನಾವು ಹೆತ್ತಪ್ಪ ಎನ್ನುತ್ತೇವೆ. ತಂದೆ ಬೇಗ ತೀರಿಕೊಂಡದ್ದರಿಂದ ನನ್ನನ್ನು ಸಾಕಿದವನು ಅವನೇ. ನಾನು ಬಂದ ದಿನ ಅವನು ಪ್ರಯಾಣದ ಬಗ್ಗೆ ಏನನ್ನೂ ಕೇಳಲಿಲ್ಲ. ಅಲ್ಲಿ ಏನು ಕಲಿಸಿದರು ಎಂದಷ್ಟೇ ಕೇಳಿದ. ನಾನು ಹೆಮ್ಮೆಯಿಂದ, ಸತ್ತ ದನವನ್ನು ಕೊಯ್ದು ಒಳಗಿನದೆಲ್ಲ ಹೇಗಿದೆ ಎಂದು ನೋಡಿ ಕಲಿತೆವು ಎಂದುಬಿಟ್ಟೆ. ಅಲ್ಲಿಗೆ ಮುಗಿಯಿತು.

"ಸತ್ತ ದನ ಕುಯ್ದ ಕೈ," ಎಂದ. "ಮನೆಗೆ ಬಾ ಮಗ, ಹಿಟ್ಟು ತಿನ್ನು, ಮಲಗು. ಎನ್ನ ಎಮ್ಮೆ ಮುಟ್ಟಬೇಡ."

ಎಮ್ಮೆ ಮತ್ತು ಹಾಲು ನಮ್ಮವರಿಗೆ ಮಡಿಯ ವಿಷಯ. ಹಾಲಿಡುವ ಕೋಣೆಗೆ ಹೆಂಗಸರು ಹೋಗುವಂತಿಲ್ಲ, ಮೈಲಿಗೆಯ ಗಂಡಸೂ ಹೋಗುವಂತಿಲ್ಲ. ನನ್ನ ಅಜ್ಜಿ ಹೆತ್ತೆಗೆ ಇದರಿಂದ ಬಹಳ ಖುಷಿಯಾಯಿತು. ಒಲೆಯ ಪಕ್ಕದಲ್ಲಿ ಜಾಗ ಮಾಡಿಕೊಡುತ್ತ, "ಎನಗೂ ಹಾಲಿನ ಕೋಣೆ ಇಲ್ಲೆ, ನಿನಗೂ ಇಲ್ಲೆ. ಬಾ, ಇಲ್ಲಿ ಕೂರು," ಎಂದು ನಕ್ಕಳು. ಎಷ್ಟೋ ಸಂಜೆ ನಾವಿಬ್ಬರೂ ಹೊರಗಿನವರು ಹಾಗೆ ಕೂತು ಹರಟೆ ಹೊಡೆದೆವು.

ಇನ್ನೊಂದು ಸಂಗತಿ ಹೇಳಬೇಕು. ನಮ್ಮಲ್ಲಿ ಚಿಕ್ಕವರು ಹಿರಿಯರನ್ನು ಕಂಡರೆ ಮುಂಡಾಸು ತೆಗೆದು ತಲೆ ಬಗ್ಗಿಸುತ್ತಾರೆ. ಹಿರಿಯರು ಆ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಬಗ್ಗಿದ ತಲೆಗೆ ಕೈಯಿಡದೆ ಇರುವಂತಿಲ್ಲ. ಕೈಯಿಟ್ಟರೆ ಅವನು ನಮ್ಮವನು, ಮತ್ತೆ ಮಾತಿಲ್ಲ. ಆದ್ದರಿಂದ ಹೆತ್ತಪ್ಪ ಒಂದು ಉಪಾಯ ಮಾಡಿಕೊಂಡಿದ್ದ. ನಾನು ಎದುರಿಗೆ ಬಂದಾಗಲೆಲ್ಲ ಅವನ ಎರಡು ಕೈಯಲ್ಲೂ ಏನಾದರೂ ಇರುತ್ತಿತ್ತು. ಒಂದರಲ್ಲಿ ಕೋಲು, ಇನ್ನೊಂದರಲ್ಲಿ ಬಿದಿರಿನ ಹಾಲುಪಾತ್ರೆ. ನಾನು ಮುಂಡಾಸು ತೆಗೆದು ಬಗ್ಗಿದರೆ ಎರಡನ್ನೂ ಎತ್ತಿ ತೋರಿಸಿ, "ಕೈ ಖಾಲಿ ಇಲ್ಲೆ" ಎಂದು ಹೊರಟುಹೋಗುತ್ತಿದ್ದ. ಹಾಲು ಕರೆಯದ ಹೊತ್ತಿನಲ್ಲೂ ಪಾತ್ರೆ ಹಿಡಿದು ತಿರುಗುವ ಮುದುಕನನ್ನು ಕಂಡು ಹಟ್ಟಿಯೆಲ್ಲ ನಗುತ್ತಿತ್ತು. ನಾನೂ ನಗುತ್ತಿದ್ದೆ. ಒಳಗೊಳಗೇ ನೋವಾಗುತ್ತಿತ್ತು.

ಬೇರೆ ಹಟ್ಟಿಗಳಲ್ಲಿ ಕೇಳಿ ನೋಡಿದೆ. ಮೊದಲು ನಿನ್ನ ಹೆತ್ತಪ್ಪ ಮುಟ್ಟಲು ಬಿಡಲಿ ಎಂದರು. ಕೊನೆಗೆ ಹೆತ್ತೆಯೇ ನಡುವೆ ಬಂದು ಗಂಡನ ಹಟವನ್ನು ಅಷ್ಟಿಷ್ಟು ಇಳಿಸಿದಳು. ದೊರೆ ಬರಲಿ, ನಾನೂ ದೊಡ್ಡಿಯೊಳಗೆ ನಿಲ್ಲಬಹುದು, ದೂರದಿಂದ ಕೋಲಿನಲ್ಲಿ ತೋರಿಸಿ ಹೇಳಬಹುದು, ಕೈ ಮಾತ್ರ ತಾಗಬಾರದು. ಇಷ್ಟು ಒಪ್ಪಂದ. ಮುಟ್ಟದೆ ಪರೀಕ್ಷೆ ಪಾಸಾಗುವುದು ಹೇಗೆ ಎಂದು ನನಗೂ ಗೊತ್ತಿರಲಿಲ್ಲ. ದೊರೆಗೆ ಬರಲು ಹೇಳಿ ಕಳುಹಿಸಿದೆ.

ಅವರು ಕುದುರೆಯ ಮೇಲೆ ಬಂದರು. ಬೂಟು ಬಿಚ್ಚಬೇಕು ಎಂದೆ. ಹುಬ್ಬೇರಿಸಿದರೂ ಬಿಚ್ಚಿದರು, ಉಣ್ಣೆಯ ಕಾಲುಚೀಲದಲ್ಲೇ ಸಗಣಿಯ ಮೇಲೆ ಕಾಲಿಟ್ಟರು. ನನಗೆ ಆಗಲೇ ಅವರ ಮೇಲೆ ಗೌರವ ಬಂತು. ದೊಡ್ಡಿಯ ಚಪ್ಪರದ ಬಾಗಿಲು ತೀರ ಗಿಡ್ಡ. ಒಳಗೆ ಹೆತ್ತಪ್ಪ ನಿಂತಿದ್ದ. ದೊಡ್ಡ ಮನುಷ್ಯ ಬರುತ್ತಾನೆಂದು ಕೋಲನ್ನು ಗೋಡೆಗೆ ಒರಗಿಸಿ, ಪಾತ್ರೆಯನ್ನು ಗೂಟಕ್ಕೆ ತೂಗುಹಾಕಿದ್ದ. ದೊರೆ ಬಾಗಿಲು ನೋಡಿದರು, ತಮ್ಮ ದೊಡ್ಡ ಟೋಪಿ ನೋಡಿದರು, ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಚೆನ್ನಾಗಿ ಬಗ್ಗಿ ಒಳಗೆ ಬಂದರು.

ಹೆತ್ತಪ್ಪನ ಎದುರಿಗೆ ಈಗ ಒಂದು ಬರಿದಲೆ, ಬಗ್ಗಿದ್ದು. ಅವನ ಕೈ ತಾನಾಗಿಯೇ ಮೇಲೆದ್ದು ಆ ಬಿಳಿಯ ಬೋಳುತಲೆಯ ಮೇಲೆ ಕೂತಿತು.

"ಬದುಕು, ಬದುಕು. ಮನೆ ತುಂಬ ಮಕ್ಕ ಆಗಲಿ. ದೊಡ್ಡಿ ತುಂಬ ಎಮ್ಮೆ ಆಗಲಿ. ಕರೆದ ಹಾಲು ತೀರದೆ ಇರಲಿ. ಹೋದ ದಾರಿ ಹಸುರಾಗಲಿ..."

ನಮ್ಮ ಹಿರಿಯರ ಹರಕೆ ಬೇಗ ಮುಗಿಯುವಂಥದ್ದಲ್ಲ. ದೊರೆ ಒಂದು ಸಲ ತಲೆಯೆತ್ತಲು ನೋಡಿದರು. ಹೆತ್ತಪ್ಪ ಒತ್ತಿ ಹಿಡಿದ. ಬೆಳೆ, ಮಳೆ, ಜೇನು, ಬೆಂಕಿ, ನೆಂಟರು ಎಲ್ಲ ಬಂದವು. ಬಗ್ಗಿದವರ ಕತ್ತು ಇನ್ನಷ್ಟು ಕೆಂಪಾಯಿತು. "ಏನು ಹೇಳುತ್ತಿದ್ದಾನೆ?" ಎಂದು ನೆಲ ನೋಡುತ್ತಲೇ ನನ್ನನ್ನು ಕೇಳಿದರು.

"ಮನೆ ತುಂಬ ಮಕ್ಕಳಾಗಲಿ ಎನ್ನುತ್ತಿದ್ದಾನೆ, ಸರ್."

"ನನಗೆ ಮದುವೆಯಾಗಿಲ್ಲ ಎಂದು ಹೇಳು."

ನಾನು ಹೇಳಲಿಲ್ಲ. ಆ ಹೊತ್ತಿನಲ್ಲಿ ನನಗೆ ನಗುವೂ ಬರಲಿಲ್ಲ. ಹೊಟ್ಟೆ ಉರಿಯುತ್ತಿತ್ತು. ಎಷ್ಟು ತಿಂಗಳಿಂದ ನಾನು ಕಾದಿದ್ದ ಕೈ, ಬಾಗಿಲು ಗಿಡ್ಡವಾಯಿತೆಂದು ಬಗ್ಗಿದವರ ತಲೆಯ ಮೇಲೆ ಹಾಯಾಗಿ ಕೂತಿದೆಯಲ್ಲ ಎಂದು.

ಅಷ್ಟರಲ್ಲಿ ಮೂಲೆಯಿಂದ ಒಂದು ಕೆಮ್ಮು ಕೇಳಿತು. ಬಿತ್ತನೆಗೆಂದು ಅಲ್ಲಿ ರಾಶಿ ಹಾಕಿದ್ದ ಉರುಳೆಗಡ್ಡೆಗೆ ಒಂದು ಎಮ್ಮೆ ಹಗ್ಗ ಬಿಚ್ಚಿಕೊಂಡು ಬಾಯಿ ಹಾಕಿತ್ತು. ಎಲ್ಲರೂ ಹರಕೆ ನೋಡುತ್ತಿದ್ದುದರಿಂದ ಯಾರೂ ಗಮನಿಸಿರಲಿಲ್ಲ. ಈಗ ಅದು ಕತ್ತು ನೀಡಿಕೊಂಡು ನಿಂತಿತ್ತು, ಜೊಲ್ಲು ಹಗ್ಗದಂತೆ ಇಳಿಯುತ್ತಿತ್ತು, ಎಡಗಡೆಯ ಹೊಟ್ಟೆ ನೋಡನೋಡುತ್ತ ಉಬ್ಬುತ್ತಿತ್ತು. ಇಡೀ ಗಡ್ಡೆ ಗಂಟಲಿಗೆ ಸಿಕ್ಕಿಕೊಂಡಿತ್ತು. ಗಾಳಿ ಹೊರಗೆ ಬರದಿದ್ದರೆ ಹೊಟ್ಟೆಯುಬ್ಬಿ ಸಾಯುತ್ತದೆ, ಅದಕ್ಕೆ ಹೆಚ್ಚು ಹೊತ್ತೂ ಬೇಡ.

ಹೆತ್ತಪ್ಪ ದೊರೆಯ ತಲೆ ಬಿಟ್ಟ. "ನೀ ಕೈ ಹಾಕು," ಎಂದ ಅವರಿಗೆ. ಹರಸಿದ ಮೇಲೆ ಅವರು ಮಡಿಯವರೇ ಆಗಿದ್ದರು ನೋಡಿ. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ದೊರೆ ತಮ್ಮ ಮುಷ್ಟಿ ಎತ್ತಿ ತೋರಿಸಿದರು. ಅದು ಆ ಗಂಟಲಿಗೆ ಹೋಗುವಂಥದ್ದಾಗಿರಲಿಲ್ಲ. "ನಾನು ಹೊರಗಿನಿಂದ ಒತ್ತಬಲ್ಲೆ. ಒಳಗೆ ಇವನ ಕೈ ಬೇಕು," ಎಂದು ನನ್ನತ್ತ ತೋರಿಸಿದರು. "ಯಜಮಾನ ಬೇಡವೆಂದರೆ ನಾನು ಇವನಿಗೆ ಮುಟ್ಟು ಎನ್ನಲಾರೆ."

ಅದನ್ನೂ ಹೆತ್ತಪ್ಪನಿಗೆ ಹೇಳಿದೆ. ಅವನು ನನ್ನ ಕೈಗಳನ್ನು ನೋಡಿದ, ಎಮ್ಮೆಯನ್ನು ನೋಡಿದ. ಅವನ ಮುಖದಲ್ಲಿ ಅಂಥ ಕಷ್ಟವನ್ನು ನಾನು ಮೊದಲು ಕಂಡಿರಲಿಲ್ಲ. ನನ್ನ ಅಪ್ಪ ಸತ್ತಾಗ ಇದ್ದಿರಬಹುದು, ಆಗ ನಾನಿನ್ನೂ ಮಗು.

"ನಿನ್ನ ಪರೀಕ್ಷೆ ಹಾಳಾಗಲಿ," ಎಂದ. "ಎನ್ನ ಎಮ್ಮೆ ಉಳಿಸು."

ಹೇಳಿ ಎರಡೂ ಕೈಯಿಂದ ಕೊಂಬು ಹಿಡಿದ. ದವಡೆಗಳ ನಡುವೆ ಅಡ್ಡಲಾಗಿ ಕೋಲು ಕೊಟ್ಟೆ, ಅದು ಅವನದೇ ಕೋಲು. ನಾಲಗೆಯ ಮೇಲಿಂದ ಕೈ ಜಾರಿಸಿದೆ. ದೊರೆ ಕಾಲುಚೀಲದಲ್ಲೇ ಮೊಣಕಾಲೂರಿ ಕತ್ತಿನ ಹೊರಗಿನಿಂದ ಗಡ್ಡೆಯನ್ನು ಮೇಲಕ್ಕೆ ಒತ್ತುತ್ತ ಬಂದರು. ಎರಡು ಸಲ ಬೆರಳಿಗೆ ತಾಗಿ ಜಾರಿತು. ಮೂರನೆಯ ಸಲ ಅವರು ಒತ್ತಿದ್ದಕ್ಕೂ ನಾನು ಹಿಡಿದದ್ದಕ್ಕೂ ಸರಿಹೋಯಿತು. ಗಡ್ಡೆ ನನ್ನ ಕೈಯಲ್ಲಿತ್ತು, ಹಿಂದೆಯೇ ದೊಡ್ಡದೊಂದು ತೇಗು ನನ್ನ ಮುಖಕ್ಕೆ ಹೊಡೆಯಿತು. ಅಷ್ಟು ಕೆಟ್ಟ ವಾಸನೆಯನ್ನು ಅಷ್ಟು ಸಂತೋಷದಿಂದ ನಾನು ಮತ್ತೆಂದೂ ಕುಡಿದಿಲ್ಲ.

ದೊರೆ ಎದ್ದು ಮೊಣಕಾಲು ಒರೆಸಿಕೊಂಡರು. "ಇದನ್ನು ಅಲ್ಲಿ ಕಲಿಸಿದರೇ?"

"ಹೌದು, ಸರ್. ಅಲ್ಲಿ ಹಸು. ಗಡ್ಡೆ ಇದೇ."

ಅವರು ನಕ್ಕರು. ಹೋಗುವಾಗ ಮತ್ತೆ ಟೋಪಿ ಕಂಕುಳಲ್ಲಿಟ್ಟು ಆ ಬಾಗಿಲಲ್ಲಿ ಬಗ್ಗಬೇಕಾಯಿತು. ಹೆತ್ತಪ್ಪ ಹೊರಗೆ ಹೋಗಿ ಕಾದು ನಿಂತಿದ್ದ, ಮತ್ತೊಮ್ಮೆ ಹರಸಿದ. ಈ ಸಲ ಅವರು ಮೊದಲಿನಿಂದ ಕೊನೆಯವರೆಗೂ ಅಲುಗಾಡದೆ ಬಗ್ಗಿದ್ದರು. ಅವರು ಬರೆದ ಕಾಗದಕ್ಕೆ ಮದ್ರಾಸಿನಿಂದ ಉತ್ತರ ಮಳೆಗಾಲದಲ್ಲಿ ಬಂತು. ನನ್ನ ಪರದೇಶದ ಓದು ಇಲ್ಲಿ ಸಲ್ಲುತ್ತದೆ ಎಂದಿತ್ತು. ಕರಡಿಯ ಗುಮಾಸ್ತರೇ ಅದನ್ನು ನನ್ನ ಕೈಗೆ ಕೊಟ್ಟು, ತಮ್ಮ ಮನೆಯ ಹಸು ಹಾಲು ಕಡಿಮೆ ಮಾಡಿದೆ, ಒಮ್ಮೆ ಬಂದು ನೋಡಬೇಕು ಎಂದರು.

ಆದರೆ ನಾನು ಹೇಳಬೇಕೆಂದಿರುವುದು ಆ ದಿನದ ಸಂಜೆಯನ್ನು. ತೊರೆಯಲ್ಲಿ ಬೂದಿ ಹಾಕಿ ಉಜ್ಜಿ ಮಿಂದು, ಬೇರೆ ಬಟ್ಟೆ ಉಟ್ಟು, ಮುಂಡಾಸು ಸುತ್ತಿಕೊಂಡು ಮೇಲೆ ಬಂದೆ. ಹಾಲು ಕರೆಯುವ ಹೊತ್ತು. ದೊಡ್ಡಿಯ ಬಾಗಿಲಲ್ಲಿ ಹೆತ್ತಪ್ಪ ನಿಂತಿದ್ದ, ಎಂದಿನಂತೆ ಒಂದು ಕೈಯಲ್ಲಿ ಹಲ್ಲಿನ ಗುರುತು ಬಿದ್ದ ಕೋಲು, ಇನ್ನೊಂದರಲ್ಲಿ ಪಾತ್ರೆ. ಇವತ್ತೂ ಅದೇ ಆಟ ಎಂದುಕೊಂಡು, ಬಗ್ಗಲೂ ಬೇಸರವಾಗಿ, ಪಕ್ಕದಿಂದ ಹಾದು ಒಲೆಯ ಹತ್ತಿರ ಹೆತ್ತೆಯ ಬಳಿ ಕೂರಲು ಹೊರಟೆ.

"ನಿಲ್ಲು ಮಗ," ಎಂದ.

ಕೋಲನ್ನು ಗೋಡೆಗೆ ಒರಗಿಸಿದ. ಹಾಲುಪಾತ್ರೆಯನ್ನು ಎರಡೂ ಕೈಯಿಂದ ಹಿಡಿದು ನನ್ನ ಎರಡು ಕೈಯಲ್ಲಿಟ್ಟ. ನಮ್ಮಲ್ಲಿ ಆ ಪಾತ್ರೆಯನ್ನು ಕಂಡವರ ಕೈಗೆ ಕೊಡುವುದಿಲ್ಲ, ನೆಲಕ್ಕಿಡುವುದೂ ಇಲ್ಲ. ನಾನು ಅದನ್ನು ಹಿಡಿದು ತಲೆ ಬಗ್ಗಿಸಿದೆ, ಆದರೆ ಮುಂಡಾಸು ತೆಗೆಯಲು ನನಗೆ ಈಗ ಕೈ ಖಾಲಿ ಇರಲಿಲ್ಲ. ಅದನ್ನು ಹೆತ್ತಪ್ಪನೇ ತೆಗೆದ. ತೆಗೆದು ತನ್ನ ಹೆಗಲಿಗೆ ಹಾಕಿಕೊಂಡು, ನನ್ನ ತಲೆಯ ಮೇಲೆ ಕೈಯಿಟ್ಟು ಶುರುಮಾಡಿದ. ದೊರೆಗೆ ಹೇಳಿದ್ದೆಲ್ಲ ಹೇಳಿದ, ಹೇಳದೆ ಬಿಟ್ಟದ್ದನ್ನೂ ಹೇಳಿದ. ಒಳಗೆ ಎಮ್ಮೆಗಳು ಹಾಲಿಗೆ ಹೊತ್ತಾಯಿತೆಂದು ಕೂಗುತ್ತಿದ್ದವು, ಅವನು ಅವಸರ ಮಾಡಲಿಲ್ಲ. ಪಾತ್ರೆ ಕೈಯಲ್ಲಿದ್ದುದರಿಂದ ನನಗೆ ಕಣ್ಣೊರೆಸಿಕೊಳ್ಳಲೂ ಆಗಲಿಲ್ಲ.