ಸತ್ತ ಹೋರಿಗೆ ಕಬ್ಬು

ಪಟ್ಟದ ಹೋರಿ ಸತ್ತದ್ದು ಕಾಲುಬಾಯಿ ರೋಗದಿಂದ. ಮಕ್ಕಳಿಗೆ ಪಾಠ ಹೇಳುವ ವಾತ್ಯಾರ ಕಥೆಯಿಂದ ಅಲ್ಲ. ಇದು ಆಗಲೂ ಎಲ್ಲರಿಗೂ ಗೊತ್ತಿತ್ತು.

ವಾತ್ಯಾರ ಬಲಗೈಯಲ್ಲಿ ಎರಡೇ ಬೆರಳು. ಬೆಟ್ಟದ ಮೇಲೆ ಅಣೆ ಕಟ್ಟುವಾಗ ಅಲ್ಲಿ ಬರಹದ ಕೆಲಸಕ್ಕಿದ್ದರು. ಬಂಡೆ ಸಿಡಿಸುವ ಮದ್ದು ಉಳಿದ ಮೂರನ್ನು ಕೊಂಡೊಯ್ದಿತ್ತು. ಆ ಎರಡು ಬೆರಳಲ್ಲೇ ನಶ್ಯ ಏರಿಸುವರು, ಮಕ್ಕಳ ಕಿವಿ ಹಿಂಡುವರು, ಪುಸ್ತಕದ ಹಾಳೆ ತಿರುವುವರು. ಆಮೇಲೆ ಕಂಬಂ ಪೇಟೆಯ ಹತ್ತಿರದ ನಮ್ಮೂರಿಗೆ ಬಂದು ನಮ್ಮ ಎದುರುಮನೆ ಜಗಲಿಯಲ್ಲಿ ಪಳ್ಳಿಕೂಡ ಇಟ್ಟರು. ನನಗೆ ಬರುವ ನಾಲ್ಕಕ್ಷರ ಮಜ್ಜಿಗೆ ಕೊಡಲು ಹೋದಾಗ ಅಲ್ಲಿ ನಿಂತು ಕಲಿತದ್ದು. ಸೊಸೆಗೆ ಅಕ್ಷರ ಯಾಕೆ ಎಂದು ಅತ್ತೆ ಕೇಳಿದ್ದಕ್ಕೆ ವಾತ್ಯಾರು, "ಮಜ್ಜಿಗೆಗೆ ಎಷ್ಟು ನೀರು ಹಾಕಿಸ್ತೀರಿ ಅಂತ ಬರೆದಿಡಲಿ" ಎಂದರು.

ಅವರಿಗಿದ್ದ ಆಸ್ತಿ ಒಂದು ಹಳೇ ಪುಸ್ತಕ. ಅಣೆಯ ಕೆಲಸದಲ್ಲಿ ಜ್ವರ ಬಂದು ಸತ್ತ ಬಿಳಿಯನೊಬ್ಬ ಕೊಟ್ಟದ್ದು. ಬರೆದವನು ರಷ್ಯಾದವನಂತೆ, ಯಾರೋ ಇಂಗ್ಲಿಷಿಗೆ ತಿರುಗಿಸಿದ್ದರು. ಬೆನ್ನು ಹರಿದಿತ್ತು, ಚಪ್ಪಲಿಯ ದಾರದಲ್ಲಿ ಹೊಲಿದಿದ್ದರು. ರಷ್ಯಾ ಎಲ್ಲಿದೆ ಎಂದು ಕೇಳಿದರೆ ನೀರು ಕಲ್ಲಾಗುವಷ್ಟು ಚಳಿಯ ಸೀಮೆ ಎನ್ನುವರು. "ಆದರೂ ಅಲ್ಲಿಯ ಅಧಿಕಾರಿ, ನಮ್ಮ ತಾಸಿಲ್ದಾರ, ಇಬ್ಬರೂ ಒಂದೇ ಹಸುವಿನ ಕರುಗಳಮ್ಮ."

ಅದರ ಕಥೆ ಇಷ್ಟು. ದೊಡ್ಡ ಅಧಿಕಾರಿಯೊಬ್ಬ ಕುರ್ಚಿಯಲ್ಲೇ ಸತ್ತಿದ್ದಾನೆ. ಹೇಳಲು ಯಾರಿಗೂ ಧೈರ್ಯವಿಲ್ಲ. ವರ್ಷವಿಡೀ ಅವನ ಮುಂದೆ ಕಾಗದ ಇಡುತ್ತಾರೆ, ಕೈಮುಗಿಯುತ್ತಾರೆ, ಎಷ್ಟು ತಾಳ್ಮೆಯವರು ಎಂದು ಹೊಗಳುತ್ತಾರೆ. ಒಂದು ದಿನ ಜಗಲಿಯಲ್ಲಿ ಇದನ್ನು ಹೇಳಿದಾಗ ಮಕ್ಕಳಿಗೆ ತಿಳಿಯಲಿಲ್ಲ. ಅಲ್ಲಿ ವಾತ್ಯಾರು ತಪ್ಪು ಮಾಡಿದರು. ಅಧಿಕಾರಿಯನ್ನು ತೆಗೆದು ಪಟ್ಟದ ಹೋರಿಯನ್ನು ಇಟ್ಟರು.

ನಮ್ಮ ಕುಲಕ್ಕೆ ದೇವರ ದನದ ಮಂದೆ ಇದೆ. ಮಂದೆಯ ಮುಂದೆ ಕಬ್ಬು ಇಡುತ್ತೇವೆ. ಮೊದಲು ಬಾಯಿ ಹಾಕಿದ ಹೋರಿಗೆ ಪಟ್ಟ, ಅದು ಸಾಯುವತನಕ ಅದೇ ರಾಜ. ವಾತ್ಯಾರ ಕಥೆಯಲ್ಲಿ ಹೋರಿ ಸತ್ತು ಉಬ್ಬಿಕೊಂಡಿದ್ದರೂ ಹಿರಿಯರು ಕಬ್ಬು ಹಿಡಿದು, ಸ್ವಾಮಿಗೆ ಇವತ್ತು ಹಸಿವಿಲ್ಲ ಎನ್ನುತ್ತ ಕೂತಿದ್ದರು. ಜಗಲಿಗೆ ಜಗಲಿಯೇ ನಕ್ಕಿತು. ಎಲೆಯಡಿಕೆ ಹಾಕುತ್ತಿದ್ದ ಊರ ಹಿರಿಯರು, ನನ್ನ ಗಂಡನ ದೊಡ್ಡಪ್ಪ, ನಕ್ಕು ನಕ್ಕು ಕೆಮ್ಮಿದರು. ನಾನು ಮಜ್ಜಿಗೆ ಚೆಲ್ಲಿದೆ.

ಹದಿನೈದು ದಿನಕ್ಕೆ ಮಂದೆಗೆ ರೋಗ ಬಂತು. ಪಟ್ಟದ ಹೋರಿ ಸತ್ತಿತು. ಕಥೆಯೇ ಕೊಂದಿತು ಎಂದರು ಊರವರು.

ಕೂಟ ಸೇರಿತು. ನಮ್ಮಲ್ಲಿ ಒಂದು ಕಟ್ಟು ಇತ್ತು: ತಪ್ಪು ಹಲವರದಾದರೆ ಊರೆಲ್ಲ ಗುಡಿಯ ಮುಂದೆ ಅಡ್ಡಬಿದ್ದು ಮುಗಿಸಬಹುದು, ಒಬ್ಬನದೇ ಆದರೆ ಅವನು ಊರು ಬಿಡಬೇಕು. ನಕ್ಕವರಿಗೂ ತಪ್ಪಿನಲ್ಲಿ ಪಾಲು, ಕಥೆಗೆ ನಕ್ಕವರು ಯಾರು ಎಂದು ಊರ ಹಿರಿಯರೇ ಕೇಳಿದರು. ಯಾರೂ ನಕ್ಕಿರಲಿಲ್ಲ. ನನ್ನ ಗಂಡನೂ ನಕ್ಕಿರಲಿಲ್ಲ. ಹೆಂಗಸರನ್ನು ಕೇಳುವ ವಾಡಿಕೆ ಇಲ್ಲ. ಕೇಳಿದ್ದರೂ ನಾನು ಬಾಯಿ ಬಿಡುತ್ತಿರಲಿಲ್ಲ.

ವಾತ್ಯಾರು ಒಂದೊಂದೇ ಮುಖ ನೋಡಿದರು. "ಸರಿ, ನಾನೇ ಹೇಳಿ ನಾನೇ ನಕ್ಕಿರಬೇಕು" ಎಂದರು. ಪುಸ್ತಕ ಕಂಕುಳಲ್ಲಿಟ್ಟು ಆಂಡಿಪಟ್ಟಿ ದಾರಿ ಹಿಡಿದರು.

ಅಲ್ಲಿ ಅವರಿಗೆ ಯಾರೂ ಜಗಲಿ ಕೊಡಲಿಲ್ಲ. ಶಾಪದ ವಾತ್ಯಾರು ಎಂಬ ಹೆಸರು ಅವರಿಗಿಂತ ಮುಂಚೆ ಹೋಗಿ ಮುಟ್ಟಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ, ಸಂತೆಗೆ ಹೋಗಿದ್ದ ನನ್ನ ಗಂಡ ಸುದ್ದಿ ತಂದ. ಚಾವಡಿಯಲ್ಲಿ ಜ್ವರದಿಂದ ಸತ್ತರಂತೆ. ಪುಸ್ತಕ ತಲೆಯಡಿ ಇತ್ತಂತೆ, ಅದನ್ನೂ ಚಿತೆಗೆ ಹಾಕಿದರಂತೆ. ಹೇಳಿ ಊಟಕ್ಕೆ ಕೂತ. ಬಡಿಸಿದೆ.

ಮರುದಿನ ಬೆಳಗ್ಗೆ ಹಿರಿಯರ ಮನೆಗೆ ಹೋದೆ. ಅಂಗಳದಲ್ಲಿ ಬೇವಿನ ಕಡ್ಡಿ ಜಗಿಯುತ್ತ ಕೂತಿದ್ದರು, ಸುತ್ತ ನಾಲ್ಕು ಜನ. ಅವರೆದುರು ಅಲ್ಲಿಯವರೆಗೆ ನಾನು ತಲೆಯೆತ್ತಿದವಳಲ್ಲ.

"ಮಾವ, ಆ ಕಥೆಗೆ ನಾನು ನಕ್ಕಿದ್ದೆ. ನೀವೂ ನಕ್ಕಿದ್ದಿರಿ" ಎಂದೆ.

ಅವರು ಕಡ್ಡಿ ಉಗುಳಿ, ಈಗ ಹೇಳಿ ಏನವ್ವ ಪ್ರಯೋಜನ ಎಂದರು. ಏನೂ ಇಲ್ಲ ಎಂದೆ. ಆಮೇಲೆ ಅದನ್ನೇ ಇನ್ನೊಮ್ಮೆ ಹೇಳಿದೆ, ಬೀದಿಗೆ ಕೇಳುವ ಹಾಗೆ.