ಅಣ್ಣನ ಓಟು, ಯಾರದೋ ಜೀಪು

ಪಾಂಡವಪುರದ ಬಸ್ ನಿಲ್ದಾಣದ ಎದುರು ನಮ್ಮ ದೊಡ್ಡಪ್ಪನ ಮಗ ಒಂದು ಎಸ್‌ಟಿಡಿ ಬೂತು ಇಟ್ಟುಕೊಂಡಿದ್ದ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಅವನ ಎರಡೂ ಕಾಲು ಸೊರಗಿದ್ದವು. ಅಂಗವಿಕಲರಿಗೆಂದು ಸರ್ಕಾರ ಬೂತು ಕೊಡುತ್ತಿದ್ದ ಕಾಲ ಅದು. ಪಟ್ಟಣಕ್ಕೆ ಡಿಜಿಟಲ್ ಎಕ್ಸ್‌ಚೇಂಜ್ ಬಂದಮೇಲೆ ಅವನಿಗೂ ಒಂದು ಸಿಕ್ಕಿತು. ಗಾಜಿನ ಗೂಡು, ಫೋನು, ಕೆಂಪು ಅಂಕಿ ಓಡುವ ಮೀಟರು, ಹೊರಗೊಂದು ಬೆಂಚು. ಅಲ್ಲಿಯವರೆಗೆ ಅವನನ್ನು ನೋಡಿಯೂ ನೋಡದಂತೆ ಹೋಗುತ್ತಿದ್ದ ಜನ ಆ ಬೆಂಚಿನ ಮೇಲೆ ಸರದಿ ಕಾಯತೊಡಗಿದರು.

ಚುನಾವಣೆ ಬಂದರಂತೂ ಬೆಂಚು ಖಾಲಿ ಇರುತ್ತಿರಲಿಲ್ಲ. ಈ ಪಕ್ಷದವರು ಎದ್ದರೆ ಆ ಪಕ್ಷದವರು ಬಂದು ಕೂರುತ್ತಿದ್ದರು. ಮಂಡ್ಯಕ್ಕೆ, ಬೆಂಗಳೂರಿಗೆ ಫೋನು ಮಾಡಿ ಏನೇನೋ ಗುಟ್ಟು ಮಾತಾಡುತ್ತಿದ್ದರು. ಗೂಡಿನ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ, ಅಣ್ಣನಿಗೆ ಎಲ್ಲವೂ ಕೇಳಿಸುತ್ತಿತ್ತು. ಆದರೆ ಒಂದು ಮಾತೂ ಅವನ ಬಾಯಿಂದ ಹೊರಗೆ ಹೋಗುತ್ತಿರಲಿಲ್ಲ. ನಾನು ಕೆದಕಿದರೆ, "ನನ್ ಕಿವಿ ಇರಾದು ಮೀಟ್ರು ಸದ್ದು ಕೇಳಾಕೆ ಕಣ್ಲಾ" ಅನ್ನುತ್ತಿದ್ದ. ಅವನು ಎಲ್ಲರವನು ಎಂಬ ನಂಬಿಕೆಯಿಂದಲೇ ಅವನ ಹೊಟ್ಟೆ ತುಂಬುತ್ತಿತ್ತು.

ಅವನ ಓಟು ಇದ್ದದ್ದು ನಮ್ಮೂರಿನ ಶಾಲೆಯಲ್ಲಿ. ದೆಹಲಿಗೂ ಫೋನು ಮಾಡಿಕೊಡುತ್ತಿದ್ದವನಿಗೆ ಆ ಶಾಲೆಯವರೆಗೆ ಹೋಗುವುದೇ ಕಷ್ಟ. ಪಟ್ಟಣದಿಂದ ನಮ್ಮೂರಿಗೆ ನಾಲೆಯ ಎತ್ತರದ ಏರಿಯನ್ನು ದಾಟಬೇಕು. ಅವನದು ಕೈಯಲ್ಲಿ ತಿರುಗಿಸುವ ಮೂರು ಚಕ್ರದ ಗಾಡಿ, ಆ ದಿಬ್ಬದಲ್ಲಿ ಹಿಂದಿನಿಂದ ಯಾರಾದರೂ ತಳ್ಳಬೇಕು. ಓಟಿನ ದಿನ ಪಕ್ಷದವರ ಜೀಪುಗಳು ಮುದುಕರನ್ನೂ ಕಾಯಿಲೆಯವರನ್ನೂ ತುಂಬಿಕೊಂಡು ಓಡಾಡುತ್ತಿದ್ದವು, ನಿಜ. ಆದರೆ ನಮ್ಮ ಕಡೆ ಯಾರ ಜೀಪಿನಿಂದ ಇಳಿದರೆ ಅವರ ಓಟು ಎಂದೇ ಲೆಕ್ಕ. ಒಳಗೆ ಹೋಗಿ ಯಾವ ಗುರುತಿಗೆ ಮುದ್ರೆ ಒತ್ತಿದರೂ ಅಷ್ಟೇ. ಅದಕ್ಕೇ ಒಂದು ಚುನಾವಣೆಗೆ ಅಣ್ಣ ನನಗೆ ಮೊದಲೇ ಹೇಳಿಟ್ಟಿದ್ದ.

"ಬೆಳಗ್ಗೆನೇ ಬಂದ್ಬುಡ್ಲಾ. ನನ್ ಗಾಡೀಲೇ ಓಗ್ಬುಡಾವ."

"ಆಯ್ತಣ್ಣ, ಬತ್ತೀನಿ" ಎಂದಿದ್ದೆ.

ಹೋಗಲಿಲ್ಲ. ಅವತ್ತು ನಮ್ಮ ಆಲೆಮನೆಯಲ್ಲಿ ಬೆಲ್ಲ ಕಾಯಿಸುತ್ತಿದ್ದೆವು, ಕೊಪ್ಪರಿಗೆ ಬಿಟ್ಟು ಬರುವಂತಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ತಮ್ಮನಿಗೆ ಒಪ್ಪಿಸಿ ಬರಬಹುದಿತ್ತು. ಅಣ್ಣನೊಬ್ಬನ ಓಟು ಅಷ್ಟೊಂದು ಅವಸರದ ವಿಷಯವೆಂದು ನನಗೆ ಅನಿಸಿರಲಿಲ್ಲ, ಅಷ್ಟೇ. ಮತದಾನ ಮುಗಿಯುವ ಹೊತ್ತು ಹತ್ತಿರವಾದಾಗ ಎಚ್ಚೆತ್ತು, ದಾರಿಯಲ್ಲಿ ಸಿಕ್ಕ ಒಂದು ಪಕ್ಷದ ಜೀಪು ಹತ್ತಿ ಅಣ್ಣನ ಬೂತಿನ ಮುಂದೆ ಇಳಿದೆ. ಅಣ್ಣ ಒಗೆದ ಬಿಳಿ ಶರ್ಟು ಹಾಕಿಕೊಂಡು, ಬೂತಿಗೆ ಬೀಗ ಜಡಿದು, ಗಾಡಿಯಲ್ಲಿ ಕೂತೇ ಇದ್ದ.

"ನಡಿಯಣ್ಣ, ಟೈಮಿಲ್ಲ."

"ಈ ಜೀಪ್ನಲ್ಲಿ ಬ್ಯಾಡ ಕಣ್ಲಾ. ಓಟೋದ್ರೆ ಓಯ್ತು ಬುಡು."

"ಯಾವ್ ಗಾಡಿಯಾದ್ರೇನಣ್ಣ, ಓಟು ನಿಂದೇ ತಾನೆ" ಅಂದವನೇ ಅವನ ಕಂಕುಳಿಗೆ ಕೈ ಹಾಕಿ ಎತ್ತಿಬಿಟ್ಟೆ. ಒಂದು ಹೊರೆ ಕಬ್ಬಿನಷ್ಟೂ ಭಾರವಿರಲಿಲ್ಲ. ಅವನು ಗಾಡಿಯ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದ. ನಾನು ಬೆರಳು ಬಿಡಿಸಿದೆ. ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ, ನನ್ನ ದರಿದ್ರ ಬುದ್ಧಿಗಿಷ್ಟು. ಶಾಲೆಯ ಮುಂದೆ ಜೀಪಿನವರೇ ಅವನನ್ನು ಹೊತ್ತುಕೊಂಡು ಮೆಟ್ಟಿಲು ಹತ್ತಿದರು. ಅವರಲ್ಲೊಬ್ಬ, ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವಂತೆ, "ದಾರಿ ಬುಡ್ರಪ್ಪ, ನಮ್ ಓಟು ಬತ್ತಾ ಐತೆ" ಎಂದ. ಅಣ್ಣ ತಲೆ ಎತ್ತಲಿಲ್ಲ.

ಆಮೇಲೆ ಅರ್ಧ ಬೆಂಚು ಖಾಲಿಯಾಯಿತು. ಇನ್ನೊಂದು ಪಕ್ಷದವರು, ಅವರ ನೆಂಟರಿಷ್ಟರು ಎಲ್ಲ ರಸ್ತೆಯಾಚೆಗಿದ್ದ ಬೇರೆ ಬೂತಿಗೆ ಹೋಗತೊಡಗಿದರು. ಅಣ್ಣ ಕುಳಿತಲ್ಲಿಂದಲೇ ಅವರು ಹೋಗುವುದನ್ನು ನೋಡುತ್ತಿದ್ದ. ನನ್ನನ್ನು ಒಂದು ಮಾತು ಬೈದಿದ್ದರೆ ನನ್ನ ಎದೆ ಎಷ್ಟೋ ಹಗುರಾಗುತ್ತಿತ್ತು. ಬೈಯಲಿಲ್ಲ. ಹೋದಾಗಲೆಲ್ಲ ಎಂದಿನಂತೆ ಟೀ ತರಿಸುತ್ತಿದ್ದ, ನಾನು ಲೋಟ ಹಿಡಿದುಕೊಂಡೇ ಕೂತಿರುತ್ತಿದ್ದೆ. ಒಮ್ಮೆ ಧೈರ್ಯ ಮಾಡಿ "ತಪ್ಪಾಯ್ತಣ್ಣ" ಎಂದೆ.

"ಆರೋಯ್ತದೆ, ಕುಡಿ" ಎಂದ.

ಸರ್ಕಾರಗಳು ಬೇಗಬೇಗ ಬೀಳುತ್ತಿದ್ದ ದಿನಗಳವು, ಮತ್ತೆ ಚುನಾವಣೆ ಬಂತು. ಈ ಸಲ ಅವನು ಕರೆಯಲಿಲ್ಲ. ನಾನೇ ಬೆಳಗ್ಗೆ ಬೇಗ ಪಟ್ಟಣದ ಕಡೆ ಹೊರಟೆ, ನಾಲೆ ಏರಿಯಲ್ಲೇ ಸಿಕ್ಕಿದ. ಗಾಡಿ ದಿಬ್ಬದ ನಡುವೆ ನಿಂತಿತ್ತು. ಬ್ರೇಕು ಹಾಕಿಕೊಂಡು ದಣಿವಾರಿಸಿಕೊಳ್ಳುತ್ತಿದ್ದ, ಬಿಳಿ ಶರ್ಟು ಬೆವರಿಗೆ ಮೈಗಂಟಿತ್ತು. ತಳ್ಳಲೆಂದು ಹಿಂದಕ್ಕೆ ಹೋದೆ.

"ಮುಟ್ಬ್ಯಾಡ" ಎಂದ. ಸಿಟ್ಟಿನಿಂದಲ್ಲ, ಗಿರಾಕಿಗೆ ಲೈನು ಸಿಕ್ಕಿಲ್ಲ ಎಂದು ಹೇಳುವ ದನಿಯಲ್ಲಿ.

ಅವನು ಒಂದೊಂದೇ ಸುತ್ತು ತಿರುಗಿಸುತ್ತಾ ಏರಿ ಹತ್ತಿದ. ನಾನು ಸುಮ್ಮನೆ ಹಿಂದೆ ನಡೆದೆ. ಎದುರಿಗೆ ಬಂದ ಎರಡೂ ಪಕ್ಷಗಳ ಜೀಪುಗಳು ನಿಧಾನ ಮಾಡಿದವು, ಅವನು ಮುಖ ತಿರುಗಿಸಲಿಲ್ಲ. ಶಾಲೆಯ ಮುಂದೆ ಗಾಡಿಯಿಂದ ಇಳಿದು, ಅಂಗೈ ಊರಿ, ಮೈಯೆಳೆದುಕೊಂಡು ಮೆಟ್ಟಿಲು ಹತ್ತತೊಡಗಿದ. ಸಾಲಿನವರು ತಾವಾಗೇ ಸರಿದರು. ನನ್ನಿಂದ ನೋಡಲಾಗದೆ ಮುಂದಕ್ಕೆ ಹೋದೆ. ಅವನು ತಿರುಗಿ ನೋಡಿದ.

"ನೀನು ಇಲ್ಲೇ ಗಾಡಿ ನೋಡ್ಕೊಂಡಿರು."

ಅವನು ಹೊರಗೆ ಬರುವವರೆಗೆ ಆ ಗಾಡಿಯ ಹಿಡಿ ಹಿಡಿದು ನಿಂತಿದ್ದೆ. ಅವನ ಅಂಗೈ ಬೆವರಿಗೆ ಅದಿನ್ನೂ ಒದ್ದೆಯಾಗಿತ್ತು.