ಶಾರವ್ವನ ಬಲಗೈ

ಮಾಸೂರಿನ ಬೆಂಡೆ ಬೀಜದ ಹೊಲಗಳಲ್ಲಿ ಶಾರವ್ವನಷ್ಟು ಚುರುಕಾಗಿ ಕ್ರಾಸಿಂಗ್ ಮಾಡುವವರು ಇರಲಿಲ್ಲ. ಸಂಜೆ, ಮರುದಿನ ಅರಳಬೇಕಾದ ಮೊಗ್ಗನ್ನು ಬಿಡಿಸಿ ಒಳಗಿನ ಗಂಡು ಕೇಸರವನ್ನು ಉಗುರಿನಿಂದ ಕೆರೆದು ತೆಗೆಯುವಳು. ಬೆಳಗ್ಗೆ ಬೇರೆ ತಳಿಯ ಹೂವಿನ ಪರಾಗ ಸವರಿ, ಗುರುತಿಗೆ ಕೆಂಪು ದಾರ ಕಟ್ಟುವಳು. ಗಿಡ ಆಳೆತ್ತರ ಬೆಳೆದ ಮೇಲೆ ಬಲಗೈ ಮೇಲೆಯೇ ಇರಬೇಕು. ಇಪ್ಪತ್ತು ವರ್ಷ ಆ ಕೈ ಸೋತಿರಲಿಲ್ಲ. ದವಡೆಯಲ್ಲಿ ಸುಣ್ಣ ತಿಕ್ಕಿದ ತಂಬಾಕು, ಪಕ್ಕದ ಸಾಲಿನಲ್ಲಿ ಗೆಳತಿ ಹಾಲವ್ವ, ಬಾಯ್ತುಂಬ ಮಾತು. ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಈ ವರ್ಷ ಹೂ ಬಿಡುವ ಹೊತ್ತಿಗೆ ಸರಿಯಾಗಿ, ನಾಲಿಗೆಯ ಬಲ ಅಂಚಿನ ಹುಣ್ಣು ಕ್ಯಾನ್ಸರ್ ಎಂದು ಗೊತ್ತಾಯಿತು. ರೋಗ ಕತ್ತಿನ ಗಂಟುಗಳಿಗೂ ಇಳಿದಿದ್ದರೆ ಅವನ್ನೆಲ್ಲ ತೆಗೆಯಬೇಕು, ಹಾಗೆ ತೆಗೆದವರಲ್ಲಿ ಕೆಲವರಿಗೆ ಆ ಬದಿಯ ಭುಜ ಬಿಗಿಯುತ್ತದೆ ಎಂದು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಡಾಕ್ಟರ್ ಫರ್ಹತ ಹೇಳಿದರು.

"ಕೈ ಮ್ಯಾಲೆ ಹೋಗೂದಿಲ್ಲೇನ್ರಿ ಡಾಕ್ಟರಬಾಯಾರ?" ಎಂದಳು ಶಾರವ್ವ. ನಾಲಿಗೆಯ ಬಗ್ಗೆ ಏನೂ ಕೇಳಲಿಲ್ಲ.

"ಅದಕ್ಕ ಮೊದ್ಲು ಹುಡುಕಿ ನೋಡ್ತೇವ್ರಿ. ಹುಣ್ಣಿನ ಸುತ್ತ ಒಂದು ಔಷಧ ಚುಚ್ಚತೇವಿ. ಅದು ಮೊದ್ಲು ಹೋಗಿ ಸೇರೂ ಗಂಟು ಕ್ಯಾಮೆರಾದಾಗ ಹೊಳೀತಾವ. ಅವಷ್ಟನ್ನ ತಗದು ತಪಾಸಣೆಗೆ ಕಳಸ್ತೇವಿ. ಅದರಾಗ ರೋಗ ಇಲ್ಲಂದ್ರ ಉಳದದ್ದನ್ನ ಮುಟ್ಟೂದಿಲ್ಲ."

ನಾಲಿಗೆಯ ಹುಣ್ಣನ್ನು ಕತ್ತರಿಸಿ ತೆಗೆದು, ಶಸ್ತ್ರಕ್ರಿಯೆ ಮುಗಿಸಿ ಬಂದ ಡಾಕ್ಟರು, "ಮೂರು ಗಂಟು ಹೊಳದಾವ್ರಿ, ತಗದೇವಿ" ಎಂದಾಗ ಹೊರಗಿದ್ದ ಗಂಡ ಉಡಚಪ್ಪ ಹೊಳೆದದ್ದೆಲ್ಲ ರೋಗವೆಂದೇ ತಿಳಿದ. ಡಾಕ್ಟರ ಮುಂದಿನ ಮಾತು ಅವನಿಗೆ ಕೇಳಿಸಲೇ ಇಲ್ಲ. ಎರಡು ದಿನ ಹೆಂಡತಿಯ ಮುಖ ನೋಡಲಾರದೆ ತಿರುಗಿದ. ಮೂರನೆಯ ದಿನ ಅವಳು ಕೈಸನ್ನೆಯಿಂದ ಕೇಳಿದಾಗ, "ಮೂರೂ ಹೊಳದಾವಂತ" ಎಂದು ಬಿಕ್ಕಿದ.

ಶಾರವ್ವನ ಮೂಗಿನಲ್ಲಿ ನಳಿಕೆ, ಮಾತಿಲ್ಲ. ಮಗಳು ವಿದ್ಯಾಶ್ರೀಯ ನೋಟುಬುಕ್ಕನ್ನು ಎಳೆದುಕೊಂಡು ಬರೆದಳು: "ದಾರ ಕಟ್ಟಿದ ಹೂವೆಲ್ಲಾ ಕಾಯಿ ಆಗತಾವೇನು? ಅದು ಬರೇ ಗುರ್ತು. ರಿಪೋರ್ಟ್ ಬರ್ಲಿ."

ಉಡಚಪ್ಪ ಎರಡು ಸಲ ಓದಿ ಕಣ್ಣೊರೆಸಿಕೊಂಡ. "ಬಾಯಿ ಹೊಲದ್ರೂ ಜಬರಸೂದು ಬಿಡಲಿಲ್ಲ ನೀನು."

ಗಂಡನಿಗೆ ಧೈರ್ಯ ಹೇಳಿದವಳಿಗೆ ತನ್ನ ಭಯ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಬೆಳಗ್ಗೆ ಎಂಟಾದರೆ ಸಾಕು, ಕಣ್ಣು ಗೋಡೆಯ ಗಡಿಯಾರಕ್ಕೆ ಅಂಟುತ್ತಿತ್ತು. ಈಗ ಹೂ ಅರಳಿರುತ್ತವೆ, ಈಗ ಇಬ್ಬನಿ ಆರಿರುತ್ತದೆ. ಹೊದಿಕೆಯ ಕೆಳಗೆ ಬೆರಳುಗಳು ತಾವಾಗಿಯೇ ಆಡುತ್ತಿದ್ದವು.

ಒಂದು ದಿನ ಹಾಲವ್ವ ಫೋನು ಮಾಡಿದಳು. "ನಿನ್ನ ಸಾಲಿಗೆ ಹೊಸಾಕಿ ಒಬ್ಬಾಕಿ ಬಂದಾಳವಾ. ಹೂಂ ಅನ್ನೂದಿಲ್ಲ, ಹಾಂ ಅನ್ನೂದಿಲ್ಲ. ನಾ ಯಾರ ಕೂಡ ಜಗಳಾಡ್ಲಿ? ಲಗೂನ ಬಾ." ಶಾರವ್ವ ಉತ್ತರವಾಗಿ ಫೋನಿನ ಮೇಲೆ ಉಗುರಿನಿಂದ ಟಕಟಕ ಬಡಿದಳು.

ಒಂಬತ್ತನೆಯ ದಿನ ರಿಪೋರ್ಟು ಬಂತು. ಮೂರು ಗಂಟುಗಳಲ್ಲೂ ರೋಗವಿರಲಿಲ್ಲ. "ಕೈ ಎತ್ರಿ ನೋಡೂಣು" ಎಂದರು ಡಾಕ್ಟರು. ಕತ್ತಿನ ಗಾಯ ಸ್ವಲ್ಪ ಜಗ್ಗಿದರೂ ಕೈ ನೆಟ್ಟಗೆ ಮೇಲೆ ಹೋಯಿತು.

ಗಾಯ ಮಾಗಿ ಮಾಸೂರಿಗೆ ಮರಳುವಾಗ ಕ್ರಾಸಿಂಗ್ ಮುಗಿದು ವಾರವಾಗಿತ್ತು. ಹೊಲದಲ್ಲಿ ಯಾರೂ ಇರಲಿಲ್ಲ, ಕಾಯಿ ಒಣಗುತ್ತಿದ್ದವು. ಒಂದಾದರೂ ಮೊಗ್ಗು ಉಳಿದಿದೆಯೇ ಎಂದು ಶಾರವ್ವ ಸಾಲಿಗಿಳಿದು, ಕೈ ಎತ್ತಿ, ಗಿಡದ ತುದಿ ಬಗ್ಗಿಸಿ ನೋಡಿದಳು. ಇರಲಿಲ್ಲ.

"ಬಿಸಲಾಗೇತಿ, ನಡಿ" ಎಂದು ಉಡಚಪ್ಪ ಬದುವಿನಿಂದ ಕರೆದ. ಅವಳು ಮುಂದಿನ ಗಿಡಕ್ಕೆ ಕೈ ಚಾಚಿದಳು.